ಎಂಟನೆಯ ಹರಳು

ಅಥಣಿ
ತಾ. ೮-೧೨-೧೯೯೩

ಚಿ. ಸತ್ತೆವ್ವಳಿಗೆ,

ನಾನು ಯಾರೆಂದು ನಿನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಿನ್ನ ಅವ್ವನನ್ನು ಕೇಳು. ಅವಳು ಹೇಳುವುದಿಲ್ಲ, ಹೇಳದೇ ಇರುವುದರಿಂದಲೇ ನಿನಗೆ ಗೊತ್ತಾಗುತ್ತದೆ. ನಿನ್ನ ಅವ್ವ ಕೆಂಪವ್ವನ ಒಡಹುಟ್ಟಿದ ತಮ್ಮ ನಾನು, ಬಾಳಾಸಾಬ. ಇಲ್ಲಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತೇನೆ, ಕರಡು ತಿದ್ದುತ್ತೇನೆ. ಕನ್ನಡದಲ್ಲಿ ಬಿ.ಎ. ಪಾಸು, ಉಳಿದದ್ದೆಲ್ಲ ಲಾಸು.

ನಿನ್ನೆ ನಿನ್ನ ಕಾಕಾ ಹಾಲಸಿದ್ದ ಲಗ್ನಪತ್ರಿಕೆಯ ಮಜಕೂರು ಹಿಡಿದು ನಮ್ಮ ಅಂಗಡಿಗೆ ಬಂದಿದ್ದ. ನಾನು ಒಳಗೆ ಮೊಳೆಯ ಪೆಟ್ಟಿಗೆಗಳ ಮುಂದೆ ಕೂತಿದ್ದೆ, ಅವನು ನೋಡಲಿಲ್ಲ. "ಸುತ್ತಲೂ ಹೂವಿನ ಬಾರ್ಡರ್ ಇರ್ಲಿರಿ, ಮುಂದಿನ ತಿಂಗಳ ಬಂದ ಕರಡ ನೋಡತೇನಿ" ಎಂದು ಮಾಲೀಕರಿಗೆ ಹೇಳಿ ಬಸ್ಸಿಗೆ ಓಡಿದ. ಕಾಗದ ನನ್ನ ಕೈಗೆ ಬಂತು.

ಫೆಬ್ರುವರಿ ೨೭ಕ್ಕೆ ಮದುವೆ. ಗಂಡು ನಿಪ್ಪಾಣಿಯ ಉತ್ತಮ. ಸಂತೋಷ. ಕೆಳಗೆ ಬರಮಾಡಿಕೊಳ್ಳುವವರ ಪಟ್ಟಿಯಿದೆ. ಕಾಕಾ ಇದ್ದಾನೆ, ಅತ್ತೆಯಂದಿರಿದ್ದಾರೆ, ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಒಂದು ಕೂಸಿನ ಹೆಸರಿನಲ್ಲಿ 'ನಮ್ಮ ಅಕ್ಕನ ಲಗ್ನಕ್ಕ ಬರ್ರಿ, ಬುಂದಿ ಉಂಡ ಹೋಗ್ರಿ' ಎಂದೂ ಇದೆ. ಪ್ರಾಸ ಸರಿಯಾಗಿದೆ, ನನ್ನ ತಕರಾರಿಲ್ಲ. ಸೋದರಮಾವ ಎಂಬ ಸಾಲು ಮಾತ್ರ ಇಲ್ಲ.

ಹದಿನೆಂಟು ವರ್ಷಗಳಿಂದ ಊರ ಮಂದಿಯ ಪತ್ರಿಕೆಗಳಿಗೆ ಆ ಐದು ಅಕ್ಷರ ಜೋಡಿಸಿದ್ದೇನೆ. ಕಣ್ಣು ಮುಚ್ಚಿದರೂ ಬೆರಳುಗಳು ಪೆಟ್ಟಿಗೆಯ ಆ ಮನೆಗಳಿಗೇ ಹೋಗುತ್ತವೆ. ಅಂತರಪಟ ಹಿಡಿದಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ನಿನ್ನ ಬೆನ್ನಿಗೆ ಯಾರನ್ನು ನಿಲ್ಲಿಸುತ್ತೀರಿ? ಕಂಬವನ್ನೋ? ಈ ಸಾಲು ಬಿಟ್ಟದ್ದು ಮರೆವೋ ಮನಸ್ಸೋ, ಅಷ್ಟು ಬರೆ. ಅಲ್ಲಿಯವರೆಗೆ ಈ ಪತ್ರಿಕೆ ಅಚ್ಚಿಗೆ ಹೋಗುವುದಿಲ್ಲ.

ಪತ್ರಿಕೆಯಲ್ಲಿ ಇಲ್ಲದ
ಬಾಳಾಸಾಬ


ಕರಿಗುಡ್ಡವಾಡಿ, ತಾ. ರಾಯಬಾಗ
ತಾ. ೧೭-೧೨-೯೩

ಶ್ರೀ ಬಾಳಾಸಾಬ ಅವರಿಗೆ,

ನಿಮ್ಮ ಪತ್ರ ನಾನು ಕೆಲಸ ಮಾಡುವ ಅಂಗನವಾಡಿಗೆ ಬಂತು. ಮನೆಗೆ ಹಾಕಲಿಲ್ಲ, ಅದೊಂದು ಉಪಕಾರ.

ನೀವು ಕರಡು ತಿದ್ದುವವರಂತೆ. ಪತ್ರಿಕೆಯಲ್ಲಿ ನನ್ನ ಅಪ್ಪ ಮಲಕಾರಿಯ ಹೆಸರಿಗೆ ಮುಂಚೆ 'ಕೈ.' ಎಂದು ಇದೆಯಲ್ಲ, ಕೈಲಾಸವಾಸಿ ಎಂದು, ಮೊದಲು ಅದನ್ನು ತಿದ್ದಿರಿ. ಆಮೇಲೆ ನಿಮ್ಮ ಐದಕ್ಷರದ ವಿಚಾರ ಮಾಡೋಣ.

ಅಪ್ಪ ಸತ್ತಾಗ ನನಗೆ ಹನ್ನೊಂದು ತಿಂಗಳು. ಆದರೂ ಆ ದಿನ ನನಗೆ ಬಾಯಿಪಾಠ ಇದೆ, ಯಾಕೆಂದರೆ ಊರವರು ಮಗ್ಗಿಯ ಹಾಗೆ ಹೇಳಿಕೊಟ್ಟಿದ್ದಾರೆ. ಗುಡ್ಡದ ಕಲ್ಲಿನ ಖಣಿಯಲ್ಲಿ ಬಂಡೆಗೆ ತೂತು ಕೊರೆದು ಮದ್ದು ತುಂಬುವ ಮುಖ್ಯ ಆಳು ನನ್ನ ಅಪ್ಪ. ಎಷ್ಟು ತೂತು ತುಂಬಿದನೋ ಅಷ್ಟು ಹರಳು ಎಣಿಸಿ, ದಂಡೆಯ ಮೇಲೆ ಕೂತವನ ಕೈಗೆ ಕೊಡುವುದು ಅಲ್ಲಿಯ ರೂಢಿ. ಒಂದು ಸಪ್ಪಳವಾದರೆ ಅವನು ಒಂದು ಹರಳು ಕೆಳಗೆ ಹಾಕಬೇಕು. ಎಲ್ಲ ಮುಗಿದರೆ 'ಕೈ ಖಾಲಿ' ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆಯೇ ಕೆಳಗೆ ಇಳಿಯುವುದು. ಇಷ್ಟೇ ಕೆಲಸ, ಇದಕ್ಕೆ ಬಿ.ಎ. ಬೇಕಾಗಿಲ್ಲ.

ಅಪ್ಪ ನಿಮಗೆ ಎಂಟು ಕೊಟ್ಟಿದ್ದ. ಕಾಲೇಜಿನ ಸೂಟಿಗೆ ಬಂದ ನೀವು ಬೇವಿನ ಮರದ ಕೆಳಗೆ ಪುಸ್ತಕ ಇಟ್ಟುಕೊಂಡು ಕೂತಿದ್ದಿರಿ. ಏಳಕ್ಕೇ 'ಕೈ ಖಾಲಿ' ಎಂದಿರಿ. ಅಪ್ಪ ಇಳಿದ. ಎಂಟನೆಯದು ಸಿಡಿಯಿತು. ನಿಮ್ಮ ಕೈಯಿಂದ ಜಾರಿದ ಹರಳನ್ನು ಅವ್ವ ನೆಲದಿಂದ ಎತ್ತಿ ಪಂಚರಿಗೆ ತೋರಿಸಿದಳು. ಅದು ಇನ್ನೂ ಅವಳ ಎಲೆ-ಅಡಿಕೆ ಚಂಚಿಯಲ್ಲಿದೆ. ಸಣ್ಣವಳಿದ್ದಾಗ ಅಡಿಕೆಯೆಂದು ಕಚ್ಚಿ ಹಲ್ಲು ಮುರಿದುಕೊಂಡಿದ್ದೆ. ನನಗೆ ನಿಮ್ಮಿಂದ ಸಿಕ್ಕ ಉಡುಗೊರೆ ಅದೊಂದೇ.

ಸಾಲು ಬಿಟ್ಟದ್ದು ಮರೆವಲ್ಲ. ನಾನೇ ಹೇಳಿ ಬಿಡಿಸಿದ್ದು.

ಸತ್ತೆವ್ವ ಮಲಕಾರಿ


ಅಥಣಿ
ತಾ. ೨೪-೧೨-೧೯೯೩

ಸತ್ತೆವ್ವಾ,

'ಕೈ.' ತಿದ್ದಲು ನನಗೆ ಬರುವುದಿಲ್ಲ. ಬರುತ್ತಿದ್ದರೆ ಇಪ್ಪತ್ತೆರಡು ವರ್ಷ ಹಿಂದೆಯೇ ತಿದ್ದುತ್ತಿದ್ದೆ.

ಈಗ ನನ್ನ ಮಗ್ಗಿ ಕೇಳು. ಇದನ್ನು ಯಾರೂ ಕೇಳಿಲ್ಲ, ಅದಕ್ಕೇ ಇನ್ನೂ ಹೊಸದಾಗಿದೆ. ನಿನ್ನ ಅಪ್ಪನನ್ನು ನಾನು ದಾಜಿ ಎನ್ನುತ್ತಿದ್ದೆ. ೧೯೭೧ರ ಮೇ ತಿಂಗಳು, ಹೊತ್ತು ಏರಿ ಬಂಡೆ ಕಾದಿತ್ತು. ಕೊರೆಯುವವರು ನಾಲ್ಕು ಮಂದಿ, ಮದ್ದು ತುಂಬುವವನು ದಾಜಿ ಒಬ್ಬನೇ. ಆದ್ದರಿಂದ ಒಟ್ಟು ಎಷ್ಟು ಎಂಬುದು ಅವನಿಗೆ ಮಾತ್ರ ಗೊತ್ತು. ಅವನು ನನ್ನ ಅಂಗೈಯಲ್ಲಿ ಹರಳು ಸುರಿದು, "ಏಳು ಅದಾವ ನೋಡ್ಲೇ ಬಾಳು" ಎಂದ. ಎಣಿಸಿದೆ, ಏಳೇ ಇದ್ದವು. ಪುಸ್ತಕ ಇತ್ತು, ಸುಳ್ಳು ಹೇಳುವುದಿಲ್ಲ. ತೊಡೆಯ ಮೇಲಿತ್ತು, ಮುಚ್ಚಿತ್ತು.

ಏಳು ಸಪ್ಪಳವಾದವು. ಕೂಗಿದೆ. ಬೇರೆ ದಿನ ದಾಜಿ ಬೀಡಿ ಮುಗಿಸಿ, ಟವೆಲ್ಲು ಝಾಡಿಸಿ ಇಳಿಯುತ್ತಿದ್ದ. ಎಲ್ಲ ಸರಿ ಇದೆಯೇ ನೋಡಿ, ಉಳಿದವರಿಗೆ ಅದೇ ಟವೆಲ್ಲು ಬೀಸಿ ಕರೆಯುತ್ತಿದ್ದ. ಆ ದಿನ ಹಾಗೆ ಮಾಡಲಿಲ್ಲ. ಒಂದು ಗಳಿಗೆ ಕಿವಿಗೊಟ್ಟು ನಿಂತ. ನನ್ನ ಕಡೆ ನೋಡಿದ. ಬೀಡಿ ಎಸೆದು ಲಗುಬಗೆಯಿಂದ ಇಳಿದ. ಯಾಕೆ ನಿಂತ, ಯಾಕೆ ಓಡಿದ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ನಿನ್ನ ಅವ್ವ ಬುತ್ತಿಯ ಬುಟ್ಟಿ ಚೆಲ್ಲಿ ಓಡಿ ಬಂದಳು. ಸಂಜೆ ಪಂಚರ ಮುಂದೆ ಒಂದು ಹರಳು ಹಿಡಿದು, "ಎಂಟ ಕೊಟ್ಟಾನ, ನನ್ನ ಕಣ್ಣಮುಂದ ಎಣಿಸಿ ಕೊಟ್ಟಾನ, ಇದ ನೋಡ್ರಿ ಎಂಟನೇದು" ಎಂದಳು. ಖಣಿಯ ದಂಡೆಯಲ್ಲಿ ಹರಳಿಗೆ ಬರವೇ? ಆದರೆ ಕುಂಕುಮ ಅಳಿಸಿಕೊಂಡು ನಿಂತವಳಿಗೆ ಎದುರು ಪ್ರಶ್ನೆ ಕೇಳುವ ಗಂಡಸು ಅಲ್ಲಿರಲಿಲ್ಲ. ನನ್ನನ್ನೂ ಸೇರಿಸಿ.

ನನ್ನ ಕಿವಿಯ ಮೇಲೆ ನನಗೇ ಅನುಮಾನ ಬರಲು ಇನ್ನೊಂದು ಕಾರಣವಿತ್ತು. ಅದಕ್ಕೆ ಮುಂಚೆ ಎರಡು ಸಲ, ಕೈ ಖಾಲಿಯಾದ ಕೂಡಲೇ ಇನ್ನೊಂದು ಸಪ್ಪಳ ಕೇಳಿದ್ದೆ. ಅದೇನೆಂದು ವಿಚಾರಿಸಿದರೆ ದಾಜಿ ನಕ್ಕ. "ಅದು ಗುಡ್ಡದ ಮರುದನಿ. ಬಿ.ಎ. ಮಂದಿಗೆ ಗುಡ್ಡಾನೂ ಎದುರಮಾತ ಆಡತೈತಿ" ಎಂದ. ಕಲಿತವನ ಕಿವಿ ಎಂದು ಎಲ್ಲರೂ ನಕ್ಕರು.

ಇಪ್ಪತ್ತೆರಡು ವರ್ಷ. ಈಗಲೂ ಒಂದು ಹಿಡಿ ಮೊಳೆ ತೆಗೆದುಕೊಂಡರೆ ಬೆರಳ ಸಂದಿಯಿಂದ ಒಂದು ಜಾರಿತೇ ಎಂದು ನೆಲ ನೋಡುತ್ತೇನೆ. ಜೊತೆಯವರು ನಗುತ್ತಾರೆ.

ಮನುಷ್ಯರು ಬಿಡಲಿ, ಕಲ್ಲನ್ನು ಕೇಳಬಹುದು. ಬಂಡೆ ಸೀಳಿದಾಗ ಕೊರೆದ ತೂತಿನ ಅರ್ಧ ಗೋಡೆಯಲ್ಲೇ ಉಳಿಯುತ್ತದೆ, ಸೀಳಿದ ಬಿದಿರಿನ ಹಾಗೆ. ಇವತ್ತಿನ ಗುರುತನ್ನು ನಾಳಿನ ಮದ್ದು ತಿನ್ನುತ್ತದೆ. ಆದರೆ ಮರುದಿನವೇ ಖಣಿ ಬಂದ್ ಆಯಿತು. ಕೊನೆಯ ದಿನದ ಗುರುತು ತಿನ್ನಲು ಯಾರೂ ಬರಲಿಲ್ಲ. ಎಣಿಸಲು ನಾನೂ ಹೋಗಲಿಲ್ಲ. ಎಂಟು ಕಂಡರೆ ಆಮೇಲೆ ಎಲ್ಲಿಗೆ ಹೋಗಲಿ ಎಂಬ ಹೆದರಿಕೆ. ನಿನ್ನ ಪತ್ರ ಓದಿ ಸಿಟ್ಟು ಬಂದಿದೆ. ಹೆದರಿಕೆಯ ಮೇಲೆ ನಡೆಯಲು ಸಿಟ್ಟು ಗಟ್ಟಿ ಚಪ್ಪಲಿ.

ಒಂದು ರವಿವಾರ ನನ್ನೊಡನೆ ಖಣಿಗೆ ಇಳಿ. ನೀನೇ ಎಣಿಸು. ಎಂಟಿದ್ದರೆ ಪತ್ರಿಕೆಯನ್ನು ನನ್ನ ಹೆಸರಿಲ್ಲದೇ ನಾನೇ ಜೋಡಿಸುತ್ತೇನೆ, ನಿನ್ನ ಮುಂದೆ ಎಂದೂ ಬರುವುದಿಲ್ಲ.

ಬಾಳಾಸಾಬ


ಕರಿಗುಡ್ಡವಾಡಿ
ತಾ. ೩-೧-೯೪

ಶ್ರೀ ಬಾಳಾಸಾಬ ಅವರಿಗೆ,

೯ನೇ ತಾರೀಖು ರವಿವಾರ, ಮುಂಜಾನೆ ಹತ್ತಕ್ಕೆ ಗುಡ್ಡದ ಕೆಳಗಿನ ಬಸ್ ನಿಲುಗಡೆ. ಅವ್ವನಿಗೆ ನಾನು ಹೇಳಿಲ್ಲ, ನೀವೂ ಊರೊಳಗೆ ಕಾಲಿಡಬೇಡಿ. ದಾರಿಯಲ್ಲಿ ನನ್ನ ಅಪ್ಪ ಎಷ್ಟು ಒಳ್ಳೆಯವನಿದ್ದ ಎಂದು ಹೇಳಬೇಡಿ, ಅದನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ಎಣಿಸುವವಳು ನಾನು. ನೀವು ಬಾಯಿ ಹಾಕಬಾರದು.

ಸತ್ತೆವ್ವ


ಅಥಣಿ
ತಾ. ೧೧-೧-೧೯೯೪

ಸತ್ತೆವ್ವಾ,

ಬಾಯಿ ಹಾಕಬೇಡಿ ಎಂದು ನೀನು ಹೇಳಿದ್ದೆ, ನಾನು ಹಾಕಲಿಲ್ಲ. ಈಗ ಬರೆದು ತೀರಿಸಿಕೊಳ್ಳುತ್ತೇನೆ.

ನಿಲುಗಡೆಯಲ್ಲಿ ನಿನ್ನನ್ನು ನೋಡಿ ಒಂದು ಕ್ಷಣ ಅಕ್ಕನೇ ಬಂದಳೆಂದುಕೊಂಡೆ. ಅದೇ ಹುಬ್ಬು ಗಂಟು. ನೀನು ನನ್ನನ್ನು ಮೇಲಿಂದ ಕೆಳಗೆ ನೋಡಿ ಆಡಿದ ಮೊದಲ ಮಾತು, "ಬಿಸಿಲಾಗ ಛತ್ರಿ ಹಿಡಕೊಂಡ ಖಣಿಗೆ ಬರಾಂವ ನೀವೊಬ್ಬರ." ಜಾಲಿಮುಳ್ಳಿಗೆ ಅದೇ ಛತ್ರಿ ದಾರಿ ಮಾಡಿಕೊಟ್ಟಿತು ಎಂಬುದನ್ನು ನೆನಪಿಸುತ್ತೇನೆ.

ನಾನು ಕೂತಿದ್ದ ಬೇವಿನ ಮರ ಇಲ್ಲ, ಮೋಟು ಮಾತ್ರ ಇದೆ. ನಾನು ಅಲ್ಲಿ ನಿಂತೆ. ನೀನು ನಿಲ್ಲಗೊಡಲಿಲ್ಲ. ಕೊರೆದ ಮೆಟ್ಟಿಲುಗಳು ಪಾಚಿಗಟ್ಟಿದ್ದವು.

"ಮುಂದ ನೀವ ಇಳೀರಿ. ಬಿದ್ರ ನೀವ ಬೀಳಬೇಕು" ಎಂದೆ ನೀನು.

"ಬಿದ್ದರ ಪತ್ರಿಕಿಗೆ ಇನ್ನೊಂದ 'ಕೈ.' ಸಿಗತೈತಿ" ಎಂದೆ ನಾನು. ನೀನು ನಗಲಿಲ್ಲ. ತುಟಿ ಕಚ್ಚಿಕೊಂಡೆ, ನಾನು ನೋಡಿದೆ.

ತಳದಲ್ಲಿ ಹಸಿರು ನೀರು, ಅದರ ಮೇಲೆ ಪಾರಿವಾಳದ ಪುಕ್ಕ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತಿತ್ತು. ನೀನು ಅಂಗನವಾಡಿಯಲ್ಲಿ ಹಲಗೆಗೆ ಬರೆಯುವ ಖಡುವಿನ ತುಂಡು ತೆಗೆದು, ಗೋಡೆಯ ಗುರುತು ಒಂದೊಂದಕ್ಕೂ ಅಂಕಿ ಬರೆಯುತ್ತ ಹೋದೆ. ನಾನು ನೀರು ನೋಡುತ್ತ ನಿಂತಿದ್ದೆ. ಹಿಂದಿನಿಂದ ನಿನ್ನ ದನಿ ಬರುತ್ತಿತ್ತು, ಕೂಸುಗಳಿಗೆ ಕಲಿಸುವಂಥ ದನಿ. ಐದು. ಆರು. ಏಳು. ಆಮೇಲೆ ಏನೂ ಬರಲಿಲ್ಲ. ನೀನು ಗೋಡೆಯ ಕೊನೆಗೆ ಹೋದೆ, ಮುಳ್ಳು ಸರಿಸಿದೆ, ತಿರುಗಿ ಬಂದು ಏಳರಿಂದ ಒಂದಕ್ಕೆ ಎಣಿಸಿದೆ.

ಕುಣಿಯಬೇಕಿತ್ತು ನಾನು. ನನಗೆ ಬಂದದ್ದು ಸಿಟ್ಟು. ಒಂದು ಖಡುವಿನ ತುಂಡು, ಅರ್ಧ ತಾಸಿನ ಕೆಲಸ. ಇಷ್ಟನ್ನು ಇಪ್ಪತ್ತೆರಡು ವರ್ಷ 'ಅಯ್ಯೋ ಪಾಪ' ಎಂದವರಲ್ಲಿ ಒಬ್ಬನೂ ಮಾಡಲಿಲ್ಲ.

ನೀನು ಮಾತ್ರ ಖಡು ಕೈಯಲ್ಲಿ ಹಿಡಿದು ಕೇಳಿದೆ: "ಇಲ್ಲಿ ಏಳು. ಎಂಟನೇದ್ದು ಸಿಡದದ್ದಂತೂ ಖರೆ, ಅಪ್ಪ ಸತ್ತಾನ. ಹಂಗಾದ್ರ ಅದು ಎಲ್ಲೈತಿ?"

ಪಂಚರಿಗೆ ಹೊಳೆಯದ ಪ್ರಶ್ನೆ. ನನಗೂ ಹೊಳೆದಿರಲಿಲ್ಲ.

ಪಡುವಣ ಮೂಲೆಯಲ್ಲಿ ಪಾಪಾಸುಕಳ್ಳಿ ಕಡಿದು ಒಳಗೆ ಹೊಕ್ಕೆವು. ಚಾಚಿದ ಬಂಡೆಯ ಕೆಳಗೆ ಒಂದು ಕೋಣೆಯಷ್ಟು ಜಾಗ. ಅಲ್ಲಿ ಮೂರು ಗುರುತು, ಮೂರನೆಯದರ ಸುತ್ತ ಬಂಡೆ ಇನ್ನೂ ಕರ್ರಗಿತ್ತು. ಅದರ ಪಕ್ಕದಲ್ಲಿ ನೆಲಕ್ಕೆ ಮಲಗಿದ್ದ ಆ ಉದ್ದನೆಯ ಕಲ್ಲು. ಮೇಲ್ಮೈ ಚಾಣದಿಂದ ನುಣ್ಣಗೆ ಕೆತ್ತಿದ್ದು. ಎಡಗಡೆ ಪೂರ್ತಿಯಾದ ತಾವರೆ, ಬಲಗಡೆ ಬರೀ ದುಂಡು ಗೆರೆ. ನೀನು ನನ್ನ ಛತ್ರಿ ಕಸಿದು ಕಲ್ಲಿನ ಉದ್ದ ಅಳೆದೆ. ಒಂದು ಛತ್ರಿ, ಒಂದು ಗೇಣು, ನಾಲ್ಕು ಬೆರಳು. ಛತ್ರಿ ತೆಗೆದುಕೊಂಡೇ ಮೆಟ್ಟಿಲು ಹತ್ತಿ ಹೋದೆ, ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಗುಡ್ಡದ ಮರುದನಿ ಎರಡು ಸಲ ಕೇಳಿತ್ತು. ಆ ಮೂಲೆಯಲ್ಲಿ ಗುರುತು ಮೂರಿವೆ. ಹಾಗಾದರೆ ಮೂರನೆಯ ಸಲ ಗುಡ್ಡ ತಡಮಾಡಿ ಮಾತಾಡಿತು. ಅದಕ್ಕೇ ದಾಜಿ ಕಿವಿಗೊಟ್ಟು ನಿಂತ. ಮಂದಿ ಇಳಿಯುವ ಮುಂಚೆ, ಹರಳಿನ ಲೆಕ್ಕಕ್ಕೆ ಸೇರದ ತನ್ನ ಮದ್ದನ್ನು ತಾನು ನೋಡಿಕೊಳ್ಳಲು ಓಡಿದ.

ಕಲ್ಲು ಯಾರ ಸಲುವಾಗಿ ಎಂಬುದು ನನಗೆ ಗೊತ್ತಿಲ್ಲ. ನಿನಗೆ ಗೊತ್ತಾಯಿತೆಂದು ನಿನ್ನ ಬೆನ್ನು ಹೇಳಿತು. ಬರೆ.

ಬಾಳಾಸಾಬ


ಕರಿಗುಡ್ಡವಾಡಿ
ತಾ. ೧೮-೧-೯೪

ಮಾಮಾ,

ಹೀಗೆ ಕರೆದೆನೆಂದು ಹಿಗ್ಗಬೇಡಿ. ಬೇರೆ ಏನು ಬರೆಯಬೇಕು ತಿಳಿಯಲಿಲ್ಲ.

ನಮ್ಮ ಮನೆಯ ತಲೆಬಾಗಿಲ ಅಗಲ: ಒಂದು ಛತ್ರಿ, ಒಂದು ಗೇಣು, ನಾಲ್ಕು ಬೆರಳು.

ಆ ಬಾಗಿಲಿಗೆ ಕಲ್ಲಿನ ಹೊಸ್ತಿಲಿಲ್ಲ. ನಾನು ಹುಟ್ಟಿದಾಗಿನಿಂದ ಒಂದು ಜಾಲಿಯ ಹಲಗೆ ಇದೆ. ಗೆದ್ದಲು ತಿಂದರೆ ಅವ್ವ ಹಲಗೆ ಬದಲಿಸುತ್ತಾಳೆ, ಕಲ್ಲು ಹಾಕಿಸಲು ಬಿಡುವುದಿಲ್ಲ. ಕಾಕಾ ಎರಡು ಸಲ ತರಿಸುತ್ತೇನೆಂದಾಗ ಬೈದು ಕಳಿಸಿದ್ದಳು. ಜಿಪುಣಿ ಎಂದುಕೊಂಡಿದ್ದೆ.

ಖಣಿಯಿಂದ ಬಂದವಳು ಬಾಗಿಲು ಅಳೆದು, ಛತ್ರಿ ಹಿಡಿದುಕೊಂಡೇ ಒಲೆಯ ಮುಂದೆ ಹೋಗಿ ನಿಂತೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅಪ್ಪ ನಿನಗ ಹೊಸ್ತಲಾ ತಂದ ಕೊಡತೇನಂದಿದ್ದನ?"

ಕೈ ನಿಂತಿತು. "ಯಾರ ಹೇಳಿದ್ರು ನಿನಗ?"

"ಕಲ್ಲ ಹೇಳಿತು. ಒಂದ ತಾವರಿ ಆಗೇತಿ, ಒಂದ ಆಗಿಲ್ಲ."

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಯಿತು. ತೆಗೆಯಲಿಲ್ಲ. ಆಮೇಲೆ ಹೇಳಿದಳು: "ನಾನ ಹಟಾ ಹಿಡದಿದ್ದೆ. ಕಲ್ಲ ಒಡ್ಯಾಂವನ ಹೇಂತಿ ಕಟ್ಟಿಗಿ ದಾಟಿ ಮನಿ ಹೊಗಬೇಕನ, ಅಂತ ದಿನಾ ಚುಚ್ಚತಿದ್ದೆ. ಗುತ್ತೇದಾರ ಚಲೋ ಕಲ್ಲ ಒಂದೂ ಬಿಡತಿರಲಿಲ್ಲ. ಇಂವ ದಿನಾ ಚಿಮಟಿ ಚಿಮಟಿ ಮದ್ದ ಉಳಿಸಿ, ಗುತ್ತೇದಾರನ ಸಪ್ಪಳದ ಬೆನ್ನಿಗೆ ತನ್ನದೊಂದ ಹಾರಸತಿದ್ದ. ಎರಡಕ್ಕ ಕಲ್ಲಿನ ಮೈ ಬಿಟ್ಟಿತ್ತು, ಬುಡಾ ಬಿಡಸಾಕ ಮೂರನೇದ್ದ."

"ಮಾಮಾಗ ಎಷ್ಟ ಹರಳ ಕೊಟ್ಟಿದ್ದ?"

"ಏಳು."

ಎಷ್ಟು ಸಲೀಸಾಗಿ ಹೇಳಿದಳು, ಮಾಮಾ. ಉಪ್ಪು ಎಷ್ಟು ಹಾಕಿದೆ ಎಂದು ಕೇಳಿದರೆ ಹೇಳುವ ಹಾಗೆ.

ಒಂಬತ್ತು ದಿನವಾಯಿತು, ನಾವು ಒಬ್ಬರಿಗೊಬ್ಬರು ಮಾತಾಡಿಲ್ಲ. ನಿಮ್ಮ ಮೇಲೆ ಸಾಕಿಕೊಂಡು ಬಂದ ಸಿಟ್ಟನ್ನು ಈಗ ಎಲ್ಲಿ ಕಟ್ಟಲಿ? ಅದು ಬೆಳೆದ ಎತ್ತು, ಸುಮ್ಮನೆ ಕೊಟ್ಟಿಗೆ ಬದಲಿಸುವುದಿಲ್ಲ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಆ ಮನೆಯಲ್ಲಿ ಬೆಳೆದಿದ್ದೇನೆ.

ಸತ್ತೆವ್ವ


ಅಥಣಿ
ತಾ. ೨೪-೧-೧೯೯೪

ಅಕ್ಕಾ,

ಈ ಪತ್ರ ಮನೆಗೇ ಹಾಕಿದ್ದೇನೆ. ಸತ್ತೆವ್ವ ಓದಿ ಹೇಳಲಿ, ಒಂದಕ್ಷರ ಬಿಡದೆ.

ನಮ್ಮವ್ವ ಸತ್ತ ದಿನ ಅಥಣಿಯಿಂದ ಬಂದಿದ್ದೆ. ಮಣ್ಣು ಮಾಡುವ ಹೊಲದ ಬೇಲಿಯ ಹತ್ತಿರ ಬರುವಾಗ ನೀನು ಕೈ ಎತ್ತಿ ಅಲ್ಲೇ ನಿಲ್ಲಿಸಿದೆ. ಹೆತ್ತವ್ವನಿಗೆ ಒಂದು ಹಿಡಿ ಮಣ್ಣು ಹಾಕದೆ, ಬೇಲಿಯಾಚೆ ನಿಂತು ನೋಡಿ, ತಿರುಗಿ ಬಸ್ಸು ಹತ್ತಿದೆ. ಆಗಲೂ ನಿನಗೆ ಗೊತ್ತಿತ್ತು, ಏಳು ಎಂದು. ನನಗೆ ಹೆಣ್ಣು ಕೊಡಲು ಬಂದವರು ಎರಡು ಸಲ ಊರಲ್ಲಿ ವಿಚಾರಿಸಿ ಹಿಂದೆ ಸರಿದರು. 'ದಾಜಿಯನ್ನು ಕೊಂದವನು' ಎಂದರಂತೆ. ಆಗಲೂ ನಿನಗೆ ಗೊತ್ತಿತ್ತು. ನಾನು ಒಬ್ಬನೇ ಅಡುಗೆ ಮಾಡಿ ಉಣ್ಣುವಾಗ ತಾಟಿನಲ್ಲಿ ತುತ್ತು ಎಣಿಸುವ ಚಟ ಹತ್ತಿಸಿಕೊಂಡಿದ್ದೇನೆ. ಇದು ನಿನಗೆ ಗೊತ್ತಿರಲಿಲ್ಲ, ಈಗ ತಿಳಿದುಕೋ.

ಮದುವೆಗೆ ಮುಂಚೆ ಚಾವಡಿಗೆ ಹೋಗು. ಆವತ್ತು ಕೂತಿದ್ದ ಪಂಚರಲ್ಲಿ ಬದುಕಿದವರ ಮುಂದೆ ನಿಂತು 'ಏಳು' ಎಂದು ಹೇಳು. ಹೇಳದಿದ್ದರೆ ನನ್ನ ಕೈಯಲ್ಲಿ ಮೊಳೆಗಳಿವೆ. ನಿನ್ನ ಮಗಳ ಪತ್ರಿಕೆಯ ನೆತ್ತಿಯ ಮೇಲೆ, ಹೂವಿನ ಬಾರ್ಡರಿನ ನಡುವೆ, ಈ ಎರಡು ಸಾಲು ಹೋಗುತ್ತವೆ. ಜೋಡಿಸಿಯೂ ಇಟ್ಟಿದ್ದೇನೆ:

ಕಲ್ಲು ಕದ್ದವನಿಗೆ ಕೈಲಾಸ,
ಹರಳು ಹಿಡಿದವನಿಗೆ ವನವಾಸ.

ಬಾಳು


ಕರಿಗುಡ್ಡವಾಡಿ
೨ ಫೆಬ್ರವರಿ

ತಮ್ಮ ಬಾಳುಗ ಕೆಂಪವ್ವ ಬರಿಯೂದು.

ಸಾಕ್ಷರತಾ ಕ್ಲಾಸಿನ್ಯಾಗ ಕಲತೇನಿ. ಇದ ನನ್ನ ಮೊದಲನೇ ಪತ್ರ. ಬೈಯಾಕ ಬರಿಯಾಕತ್ತೇನಿ.

ಅಚ್ಚ ಹಾಕು. ಹೆದರೂದಿಲ್ಲ. ಹೊಸ್ತಲಾ ಬೇಡಿದಾಕಿ ನಾ. ಕದ್ದಾಂವ ಅಂವ. ಎಣಿಸಿದಾಂವ ನೀ. ಮೂರ ಮಂದ್ಯಾಗ ಒಬ್ಬರ ಮ್ಯಾಲ ಹೊರಸಬೇಕಿತ್ತು. ಅಂವ ಸತ್ತಿದ್ದ. ನನ್ನ ಬಗಲಾಗ ಕೂಸಿತ್ತು. ಕಳ್ಳನ ಮಗಳು ಅಂದ್ರ ಈ ಊರಾಗ ಆ ಕೂಸಿನ್ನ ಯಾರ ಎತ್ತಿಕೊಳ್ತಿದ್ರು. ನೀ ಕಲತಾಂವ. ಎಲ್ಲೆರ ಹೋಗಿ ಬದಕತಿ ಅಂತ ತಿಳದೆ. ಲೆಕ್ಕ ಬರೋಬರಿ ಮಾಡಿದೆ. ಲೆಕ್ಕದಾಗ ನಿನ್ನ ಹಿಡೀಲಿಲ್ಲ.

ಅವ್ವನ ಮಣ್ಣಿಗಿ ನಿನ್ನ ತಡದದ್ದ ಮರತಿಲ್ಲ. ನೀ ಹತ್ತರ ಬಂದಿದ್ರ ನಾ ಹೇಳಿ ಬಿಡತಿದ್ದೆ. ಅದಕ್ಕ ತಡದೆ.

ಚಾವಡಿಗೆ ಹೋಗಾಂಗಿಲ್ಲ. ಆ ಗಂಡಸರು ಒಂದ ಹರಳ ನೋಡಿ ನಂಬಿದವರು. ಖಣಿಗೆ ಇಳದ ಒಬ್ಬನರ ನೋಡಲಿಲ್ಲ. ಅವರ ಮುಂದ ನಾ ಯಾಕ ತೆಲಿ ಬಗ್ಗಸಲಿ.

ಕೈ ನೋಯತೈತಿ. ಸಾಕು.

ಕೆಂಪವ್ವ


ಕರಿಗುಡ್ಡವಾಡಿ
ತಾ. ೮-೨-೯೪

ಮಾಮಾ,

ಅವ್ವನ ಪತ್ರ ಸಿಕ್ಕಿರಬೇಕು. ಅದನ್ನು ಬರೆಯಲು ಮೂರು ದಿನ ಹಿಡಿಯಿತು, ನನ್ನನ್ನು ಹತ್ತಿರ ಬರಗೊಡಲಿಲ್ಲ. ಅದನ್ನು ಡಬ್ಬಿಗೆ ಹಾಕಿದ ಮೇಲೆ ಏನಾಯಿತೆಂದು ಹೇಳುತ್ತೇನೆ. ಇನ್ನೂ ನನ್ನ ಸಿಟ್ಟು ಆರಿಲ್ಲ, ಆದರೆ ನೋಡಿದ್ದನ್ನು ನೋಡಿದ ಹಾಗೆ ಹೇಳಬೇಕು.

ನಿನ್ನೆ ಸೋಮವಾರ ಮುಂಜಾನೆ ಅವ್ವ ಕಾಕಾನ ಚಕ್ಕಡಿ ಹೂಡಿಸಿದಳು. ಎಂಟು ಆಳು, ಹಗ್ಗ, ಹಾರೆ. ಕಾಕಾ, "ಲಗ್ನದ ಮನ್ಯಾಗ ಇದೇನ ಹುಚ್ಚ ವೈನಿ" ಎಂದರೆ, "ನಿಮ್ಮ ಅಣ್ಣನ ಸಾಮಾನ ಐತಿ, ತರಬೇಕು" ಎಂದಳು. ಅವರು ಕಲ್ಲು ಮೇಲೆ ಎಳೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಗೋಡೆಯ ಮೇಲೆ ನಾನು ಖಡುವಿನಿಂದ ಬರೆದ ಅಂಕಿ ಅವ್ವ ನೋಡಿದಳು. ಒಂದೊಂದನ್ನೂ ಬೆರಳಿಟ್ಟು ಓದಿದಳು. ಓದಲು ಬರುತ್ತದೆಯಲ್ಲ ಈಗ.

ಮನೆಗೆ ಹಿಂದಿನ ಓಣಿಯಿಂದ ಹತ್ತಿರ. ಅವ್ವ ಚಕ್ಕಡಿಯ ಮುಂದೆ ನಡೆಯುತ್ತ ಚಾವಡಿಯ ಮುಂದಿನಿಂದ ಬಂದಳು. ಅಲ್ಲಿ ನಿಲ್ಲಿಸಿದಳು. ಕಟ್ಟೆಯ ಮೇಲೆ ರಾಜಾರಾಮ ಅಜ್ಜ ಕೂತಿದ್ದ, ಆವತ್ತಿನ ಪಂಚರಲ್ಲಿ ಅವನೊಬ್ಬ.

"ಯಾರ ಕಲ್ಲಬೇ ಕೆಂಪವ್ವಾ?"

"ನನ್ನ ಗಂಡ ಖಣ್ಯಾಗ ಕದ್ದಿದ್ದು. ಇದರ ಸಲುವಾಗಿನ ಸತ್ತ. ನನ್ನ ತಮ್ಮಗ ಕೊಟ್ಟದ್ದ ಏಳು, ಅಂವ ಎಣಿಸಿದ್ದೂ ಏಳು. ಎಂಟನೇ ಹರಳ ನಾ ನೆಲದಾಗಿಂದ ಎತ್ತಿದ್ದು."

ಅಜ್ಜ ಕಟ್ಟೆಯಿಂದ ಇಳಿದು ಬಂದು ಕಲ್ಲು ಮುಟ್ಟಿ ನೋಡಿ, "ಇದನ್ನ ಈಗ್ಯಾಕ ಹೇಳತಿ?" ಎಂದ.

"ಆವಾಗ ನೀವ ಕೇಳಲಿಲ್ಲ" ಎಂದಳು ಅವ್ವ. ಚಕ್ಕಡಿ ಹೊಡೆಸಿಕೊಂಡು ಬಂದಳು.

ಸಂಜೆಯೊಳಗೆ ನಾನು ಕಳ್ಳನ ಮಗಳಾದೆ. ನೀರಿಗೆ ಹೋದಾಗ ಇಬ್ಬರು ಮಾತು ನಿಲ್ಲಿಸಿದರು. ಉತ್ತಮನ ಮನೆಗೂ ನಾನೇ ಪತ್ರ ಬರೆದು ಎಲ್ಲ ತಿಳಿಸಿದ್ದೇನೆ. ಬಂದರೆ ಬರಲಿ, ಬಿಟ್ಟರೆ ಬಿಡಲಿ. ಹೊಸ್ತಿಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬಲಗಡೆಯ ದುಂಡು ಗೆರೆ ಹಾಗೇ ಇರಲಿ ಎಂದಿದ್ದಾಳೆ ಅವ್ವ. ಕಲ್ಲು ಸರಿಯಾಗಿ ಕೂತಿಲ್ಲ, ಆ ಮೂಲೆ ಅಲುಗುತ್ತದೆ. ಕೆಳಗೆ ಒಂದು ಸಣ್ಣ ಕಲ್ಲು ಕೊಡಬೇಕೆಂದು ಅದನ್ನು ಕೂರಿಸಿದ ಗೌಂಡಿ ಹೇಳಿದ. ಅವ್ವ ಚಂಚಿಯಿಂದ ಆ ಹರಳು ತೆಗೆದಳು. ನೋಡಿ, ತಿರುಗಿ ಇಟ್ಟಳು. "ಇದು ಬಾಳೂದು. ಅಂವನ ಕೈಯಾಗ ಕೊಡಬೇಕು" ಎಂದಳು.

ನಿಮ್ಮ ಎರಡು ಸಾಲಿನ ಪ್ರಾಸ ಅಚ್ಚು ಹಾಕುವುದಾದರೆ ಹಾಕಿರಿ. ಈಗ ಅದರಲ್ಲಿ ಹೊಸ ಸುದ್ದಿ ಏನೂ ಇಲ್ಲ.

ನಿಮ್ಮ
ಸತ್ತೆವ್ವ


ಅಥಣಿ
ತಾ. ೧೩-೨-೧೯೯೪

ಚಿ. ಸತ್ತೆವ್ವಳಿಗೆ,

ಕರಡು ಇದರೊಳಗೆ ಇದೆ. ನಿನ್ನ ಕಾಕಾ ಮೂರು ಸಲ ಬಂದು ಹೋಗಿದ್ದಾನೆ. ಬಾರ್ಡರಿನ ಹೂವು ಇನ್ನೂ ಬಂದಿಲ್ಲವೆಂದು ಮಾಲೀಕರಿಂದ ಹೇಳಿಸಿದ್ದೆ. ನಿನ್ನೆ ನಾಲ್ಕನೆಯ ಸಲ ಬಂದ. ನಾನೇ ಎದ್ದು ಹೊರಗೆ ಹೋದೆ. ನನ್ನನ್ನು ನೋಡಿ ಕೂತ ಕುರ್ಚಿಯಿಂದ ಎದ್ದು ನಿಂತ. ನಿಪ್ಪಾಣಿಯವರು ಮದುವೆ ಮುರಿದಿಲ್ಲ ಎಂದ. 'ಹೊಸ್ತಲಾ ಕದ್ದಾನಲ್ಲ, ಮನಿಯೇನ ಕದ್ದಿಲ್ಲಲ್ಲ' ಎಂದು ಉತ್ತಮನ ಅಜ್ಜಿ ಅಂದಳಂತೆ. ಆ ಅಜ್ಜಿಯ ಪಕ್ಕದಲ್ಲಿ ನನಗೆ ಊಟಕ್ಕೆ ಜಾಗ ಇಡು.

'ಕೈ.' ಹಾಗೇ ಇದೆ, ಅದು ನನ್ನಿಂದ ತಿದ್ದಲಾಗದ್ದು. ಅದರ ಕೆಳಗೆ ಐದು ಅಕ್ಷರ ಹಾಕಿ ನನ್ನ ಹೆಸರು ಜೋಡಿಸಿದ್ದೇನೆ. ಬೆರಳು ಎರಡು ಸಲ ತಪ್ಪಿತು. ಕೈಲಾಸ-ವನವಾಸದ ಸಾಲುಗಳನ್ನು ಬಿಚ್ಚಿ ಮೊಳೆಗಳನ್ನು ಅವವುಗಳ ಮನೆಗೆ ಹಾಕಿದೆ. ಚಲೋ ಪ್ರಾಸವಾಗಿತ್ತು, ಹೊಟ್ಟೆ ಉರಿಯಿತು.

ಅವ್ವನಿಗೆ ಓದಿ ಹೇಳುವುದು ಬೇಡ, ಈಗ ಅವಳೇ ಓದಲಿ: ಅಕ್ಕಾ, ನನ್ನ ಸಿಟ್ಟು ಹೋಗಿಲ್ಲ. ನೀನು ಸುಳ್ಳು ಹೇಳಿದ್ದು ಒಂದು ದಿನ, ನಾನು ಹೊತ್ತದ್ದು ಇಪ್ಪತ್ತೆರಡು ವರ್ಷ. ಆ ಸಿಟ್ಟು ನನ್ನ ಜೊತೆಗೇ ಬರುತ್ತದೆ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು. ಅದಕ್ಕೂ ಒಂದು ತಾಟು ಹಾಕು. ಅಂತರಪಟ ಹಿಡಿದಾಗ ನಾನು ಹುಡುಗಿಯ ಬೆನ್ನಿಗೆ ನಿಲ್ಲುತ್ತೇನೆ. ನೀನು ಎದುರಿಗೆ ಇರುತ್ತೀ. ಆಗ ನೋಡಿಕೊಳ್ಳೋಣ.

ಹರಳನ್ನು ನನ್ನ ಕೈಗೆ ಕೊಡಬೇಡ. ಆವತ್ತು ಕೈ ಖಾಲಿ ಎಂದು ಕೂಗಿದ್ದೆ, ಅದು ಖರೆ ಇತ್ತು. ಖರೆಯಾಗಿಯೇ ಇರಲಿ. ಅಲುಗುವ ಆ ಮೂಲೆಯ ಕೆಳಗೆ ಅದನ್ನು ನೀನೇ ಇಡು.

ಸತ್ತೆವ್ವಾ, ಹೊಸ್ತಿಲು ತುಳಿಯಬಾರದು ಎನ್ನುತ್ತಾರೆ. ಈ ಒಂದು ಸಲ ಅದರ ಮೇಲೆ ನಿಂತು ನೋಡು. ಅಲುಗದಿದ್ದರೆ ಒಂದು ಸಾಲು ಬರೆ. ನೀನು ಕೂಗಿದ ಮೇಲೆ ನಾನು ಇಳಿದು ಬರುತ್ತೇನೆ.

ಛತ್ರಿ ಅಲ್ಲೇ ಇದೆ, ಮರೆಯಬೇಡ.

ನಿನ್ನ ಸೋದರಮಾವ
ಬಾಳಾಸಾಬ